ಸಣ್ಣ ಟೆನ್ನಿಸ್ ಟೂರ್ನಿಗಳ ಉಚಿತ ಲೈವ್: ಮಂಡ್ಯದಿಂದ ಒಂದು ರಿವ್ಯೂ

ಟಿವಿಯಲ್ಲಿ ಟೆನ್ನಿಸ್ ಅಂದ್ರೆ ವಿಂಬಲ್ಡನ್, ಫ್ರೆಂಚ್ ಓಪನ್, ಅದೇ ಐದಾರು ಮುಖಗಳು. ರ‍್ಯಾಂಕಿಂಗ್‌ನಲ್ಲಿ ಕೆಳಗಿರುವವರ ಆಟ ನೋಡಬೇಕಾದರೆ ಸಣ್ಣ ಟೂರ್ನಿಗಳ ಉಚಿತ ಲೈವ್ ಒಂದೇ ದಾರಿ. ದುಡ್ಡು ಕೊಡಬೇಕಿಲ್ಲ, ಫೋನಿದ್ದರೆ ಸಾಕು. ದಕ್ಷಿಣ ಕೊರಿಯಾದ ಆಟಗಾರ್ತಿ ಜಾಂಗ್ ಸು ಜಿಯಾಂಗ್ ಮೇಲಿನ ಅಭಿಮಾನದಿಂದ ಇದನ್ನು ನೋಡಲು ಶುರು ಮಾಡಿದೆ. ಈಗ ಆ ದೇಶದ ಯಾವ ಹುಡುಗಿ ಆಡಿದರೂ ಬಿಡಲ್ಲ.

ಸಮಯ ನಮಗೆ ಚೆನ್ನಾಗಿ ಹೊಂದುತ್ತೆ. ಕೊರಿಯಾ ನಮಗಿಂತ ಮೂರೂವರೆ ಗಂಟೆ ಮುಂದೆ. ಇಂಚಿಯಾನ್‌ನಲ್ಲೋ ಡೇಗುವಿನಲ್ಲೋ ಬೆಳಿಗ್ಗೆ 10ಕ್ಕೆ ಪಂದ್ಯ ಇದ್ದರೆ ಇಲ್ಲಿ 6.30. ಹಾಲು ತಂದು, ಕಾಫಿ ಕುಡಿದು, ಮೈಸೂರಿಗೆ ಕೆಲಸಕ್ಕೆ ಹೊರಡುವಷ್ಟರಲ್ಲಿ ಎರಡು ಸೆಟ್ ಆಗಿರುತ್ತೆ.

ಚಿತ್ರದ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಕೋರ್ಟಿನ ಹಿಂದೆ ಒಂದೇ ಕ್ಯಾಮೆರಾ, ಅದು ಅಲುಗಾಡಲ್ಲ. ಕಾಮೆಂಟರಿ ಇಲ್ಲ, ರಿಪ್ಲೇ ಇಲ್ಲ. ಆ ಕಡೆಯ ಮೂಲೆಯಲ್ಲಿ ಬಿದ್ದ ಚೆಂಡು ಒಳಗೋ ಹೊರಗೋ ಗೊತ್ತಾಗಲ್ಲ, ಅಂಪೈರ್ ಹೇಳಿದ ಮೇಲೇ ತಿಳಿಯೋದು. ಆದರೆ ನನಗೆ ಇದೇ ಇಷ್ಟ. ಯಾರೂ ನಡುವೆ ಮಾತಾಡಲ್ಲ, ಶೂ ಉಜ್ಜುವ ಸದ್ದು ಕೇಳುತ್ತೆ, ಪಾಯಿಂಟ್ ಕಳೆದುಕೊಂಡವಳು ತನಗೆ ತಾನೇ ಏನೋ ಹೇಳಿಕೊಂಡು ಬೇಸ್‌ಲೈನಿಗೆ ವಾಪಸ್ ನಡೆಯೋದು ಪೂರ್ತಿ ಕಾಣುತ್ತೆ, ಟಿವಿಯವರು ಆಗ ಜಾಹೀರಾತನ್ನೋ ರಿಪ್ಲೇಯನ್ನೋ ಹಾಕಿಬಿಡುತ್ತಾರೆ.

ಜಾಂಗ್ ವಿಷಯ ಹೇಳಲೇಬೇಕು. 2013ರಲ್ಲಿ, 18ನೇ ವಯಸ್ಸಿಗೇ, ರಾಜಧಾನಿ ಸಿಯೋಲ್‌ನಲ್ಲಿ ನಡೆಯುವ ಕೊರಿಯಾ ಓಪನ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿದವಳು. ಮುಂದಿನ ವರ್ಷವೇ ದೊಡ್ಡ ಹೆಸರು ಮಾಡ್ತಾಳೆ ಅಂತ ಯಾರಿಗಾದರೂ ಅನಿಸುತ್ತೆ, ಅಲ್ವಾ? ಆದರೆ ಗ್ರಾಂಡ್ ಸ್ಲಾಮ್ (ವಿಂಬಲ್ಡನ್‌ನಂಥ ನಾಲ್ಕು ದೊಡ್ಡ ಟೂರ್ನಿಗಳು) ಮುಖ್ಯ ಡ್ರಾಗೆ, ಅಂದ್ರೆ ಅಸಲಿ ಪಂದ್ಯಗಳ ಪಟ್ಟಿಗೆ ಬಂದಿದ್ದು 2022ರಲ್ಲಿ, ಆಸ್ಟ್ರೇಲಿಯನ್ ಓಪನ್‌ಗೆ, ಅದೂ ಕ್ವಾಲಿಫೈಯಿಂಗ್‌ನಲ್ಲಿ (ಅರ್ಹತಾ ಸುತ್ತಿನಲ್ಲಿ) ಮೂರು ಪಂದ್ಯ ಗೆದ್ದು. ಮೊದಲ ಸುತ್ತಿನಲ್ಲಿ ಡಾಂಕಾ ಕೊವಿನಿಚ್ ಎದುರು ಮೂರು ಸೆಟ್ ಆಡಿ ಸೋತಳು. ಅದೇ ಕೊವಿನಿಚ್ ಮುಂದಿನ ಸುತ್ತಿನಲ್ಲಿ ಯುಎಸ್ ಓಪನ್ ಚಾಂಪಿಯನ್ ರಾಡುಕಾನುವನ್ನು ಮನೆಗೆ ಕಳಿಸಿದಳು. ಆ ವರ್ಷವೇ ಜುಲೈನಲ್ಲಿ ಸ್ವೀಡನ್ನಿನ ಬಾಸ್ಟಾಡ್‌ನಲ್ಲಿ ಜಾಂಗ್ ಡಬ್ಲ್ಯುಟಿಎ 125 (ಮಹಿಳೆಯರ ಮುಖ್ಯ ಟೂರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಟೂರ್ನಿ) ಪ್ರಶಸ್ತಿ ಗೆದ್ದಳು, ರ‍್ಯಾಂಕಿಂಗ್ 114ಕ್ಕೆ ಏರಿತು. ಅವಳ ಅತ್ಯುತ್ತಮ ಸ್ಥಾನ ಅದೇ.

114 ಅಂದ್ರೆ ಏನು ಗೊತ್ತಾ? ಗ್ರಾಂಡ್ ಸ್ಲಾಮ್‌ನಲ್ಲಿ 128 ಜನ ಆಡ್ತಾರೆ, ಆದರೆ ರ‍್ಯಾಂಕಿಂಗ್ ಮೇಲೆ ನೇರ ಪ್ರವೇಶ 104 ಜನಕ್ಕೆ ಮಾತ್ರ. 16 ಸ್ಥಾನ ಕ್ವಾಲಿಫೈಯರ್‌ಗಳಿಗೆ, 8 ವೈಲ್ಡ್ ಕಾರ್ಡ್‌ಗೆ, ಅಂದ್ರೆ ಆಯೋಜಕರೇ ಕರೆದು ಕೊಡುವ ಸ್ಥಾನ. ಜಗತ್ತಿನಲ್ಲಿ 114ನೆಯವಳಾದರೂ ಬಾಗಿಲ ಹೊರಗೆ ನಿಂತು, ಒಳಗಿನವರು ಯಾರಾದರೂ ಹಿಂದೆ ಸರಿಯುತ್ತಾರಾ ಅಂತ ಕಾಯಬೇಕು. ಜೊತೆಗೆ ಗಳಿಸಿದ ರ‍್ಯಾಂಕಿಂಗ್ ಪಾಯಿಂಟ್ 52 ವಾರಕ್ಕೆ ಕಳಚಿಬೀಳುತ್ತೆ. ಇದನ್ನು ಯೋಚಿಸಿದಾಗೆಲ್ಲ ನನಗೆ ಸಂಕಟ ಆಗುತ್ತೆ.

ಕೊರಿಯಾದಲ್ಲಿ ಒಂದು ಒಳ್ಳೆ ವ್ಯವಸ್ಥೆ ಇದೆ. ನಗರಸಭೆಗಳು, ಬ್ಯಾಂಕುಗಳು ಟೆನ್ನಿಸ್ ತಂಡ ಕಟ್ಟಿ ಆಟಗಾರರಿಗೆ ಸಂಬಳ ಕೊಡುತ್ತವೆ, ನಮ್ಮಲ್ಲಿ ರೈಲ್ವೆ ಕೋಟಾದಲ್ಲಿ ಕೆಲಸ ಸಿಗೋ ಹಾಗೆ. 2023ರ ಕೊರಿಯಾ ಓಪನ್‌ನಲ್ಲಿ ಮಾಜಿ ಫ್ರೆಂಚ್ ಓಪನ್ ಚಾಂಪಿಯನ್ ಒಸ್ಟಾಪೆಂಕೊವನ್ನು ಸೋಲಿಸಿದ ಬೇಕ್ ಡಾ ಯಿಯಾನ್ ಕೂಡ ಬ್ಯಾಂಕ್ ತಂಡದಿಂದ ಬಂದವಳು. ಒಟ್ಟು ಬಹುಮಾನವೇ 15 ಸಾವಿರ ಡಾಲರ್ ಇರುವ ಟೂರ್ನಿಯಲ್ಲಿ ಮೊದಲ ಸುತ್ತಿಗೆ ಸೋತರೆ ವಿಮಾನದ ಖರ್ಚೂ ಹುಟ್ಟಲ್ಲ. ತಿಂಗಳ ಸಂಬಳ ಇದ್ದರೆ ಇನ್ನೊಂದು ವರ್ಷ ಆಡಬಹುದು.

ಕೊರತೆಗಳೂ ಇವೆ. ಎಲ್ಲ ಕೋರ್ಟಿಗೂ ಕ್ಯಾಮೆರಾ ಇರಲ್ಲ, ನಮಗೆ ಬೇಕಾದವಳು ಕೊನೆಯ ಕೋರ್ಟಿನಲ್ಲಿದ್ದರೆ ಬರೀ ಸ್ಕೋರ್ ನೋಡುತ್ತಾ ಕೂರಬೇಕು. ಆಡುತ್ತಿರುವವರು ಯಾರು, ಎಲ್ಲಿಂದ ಬಂದವರು ಅಂತ ಹೇಳೋರಿಲ್ಲ. ಅಕ್ಕನ ಮಗಳು ಪಕ್ಕ ಕೂತು “ಮಾಮ, ಇವಳು ಯಾರು?” ಅಂತ ಕೇಳಿದಾಗೆಲ್ಲ ನಾನೇ ಹುಡುಕಿ ಹೇಳಬೇಕು. ಟೈಬ್ರೇಕ್ ಹೊತ್ತಿಗೆ ನಮ್ಮನೆ ಇಂಟರ್ನೆಟ್ ಕೈಕೊಡೋದು ಬೇರೆ ಗೋಳು, ಅದು ಲೈವ್ ಕೊಡುವವರ ತಪ್ಪಲ್ಲ.

ಐದಕ್ಕೆ ನಾಲ್ಕು ಕೊಡ್ತೀನಿ. ಮಕ್ಕಳನ್ನು ಟೆನ್ನಿಸ್ ಕ್ಲಾಸಿಗೆ ಸೇರಿಸಿರುವ ಅಪ್ಪ ಅಮ್ಮಂದಿರು ಇದನ್ನು ಮಕ್ಕಳ ಜೊತೆ ಕೂತು ನೋಡಲೇಬೇಕು. ಹೊಸಬರು ಫೈನಲ್‌ಗೆ ಕಾಯಬೇಡಿ, ವಾರದ ಮೊದಲ ಸುತ್ತುಗಳಿಂದಲೇ ಶುರು ಮಾಡಿ. ಇಯರ್‌ಫೋನ್ ಹಾಕಿಕೊಳ್ಳಿ, ಸ್ಕೋರ್ ಪೇಜ್ ಇನ್ನೊಂದು ಕಡೆ ತೆರೆದಿಡಿ. ಒಬ್ಬಳನ್ನು ಆರಿಸಿಕೊಂಡು ಊರಿಂದ ಊರಿಗೆ ಅವಳ ಆಟವನ್ನೇ ನೋಡುತ್ತಾ ಹೋಗಿ.