ಡಿಮ್ ಆಗುವ ಎಲ್‌ಇಡಿ ಬಲ್ಬು: ತಕರಾರು ಬಲ್ಬಿನದಲ್ಲ, ಗೋಡೆಯದು

ಬಲ್ಬು ಚೆನ್ನಾಗಿದೆ, ಮೊದಲೇ ಹೇಳಿಬಿಡುತ್ತೇನೆ. ಆದರೆ ಕರೆಂಟ್ ಬಿಲ್ ಇಳಿಯುತ್ತೆ ಅಂತ ತಗೊಳ್ಳುವುದಾದರೆ ಬೇಡ.

ಮೈಸೂರಿನ ನಮ್ಮ ಮನೆಯ ಹಾಲ್‌ನಲ್ಲಿ ಗೋಡೆಯ ಮೇಲೆ ಬುರುಡೆ ಬಲ್ಬಿನ ಕಾಲದ, ತಿರುಗಿಸಿ ಬೆಳಕು ಏರಿಸಿ ಇಳಿಸುವ ಡಿಮ್ಮರ್ ಇತ್ತು. ಸರ್ಕಾರ ಕಡಿಮೆ ಬೆಲೆಗೆ ಕೊಟ್ಟ 'ಹೊಸ ಬೆಳಕು' ಯೋಜನೆಯ ಎಲ್‌ಇಡಿ ಬಂದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಈಚೆಗೆ ಮಾವನವರಿಗೆ ಕಣ್ಣಿನ ಪೊರೆ ಆಪರೇಷನ್ ಆಯ್ತು. ಪೇಪರ್ ಓದಲು ಜಾಸ್ತಿ ಬೆಳಕು ಬೇಕು, ಟಿವಿ ಮುಂದೆ ಕೂತರೆ ಅದೇ ಬೆಳಕು ಕಣ್ಣಿಗೆ ಚುಚ್ಚುತ್ತೆ ಅಂದರು. ಹಾಗಾಗಿ ಡಿಮ್ ಆಗುವ ಬಲ್ಬು ಹುಡುಕಿದೆ.

ಅಂಗಡಿಯವರು "ಎಲ್ಲಾ ಒಂದೇ ಮೇಡಂ, ಹಾಕ್ಕೊಳ್ಳಿ" ಅಂದರು. ಒಂದೇ ಅಲ್ಲ. ಡಬ್ಬಿಯ ಮೇಲೆ 'ಡಿಮ್ಮೇಬಲ್' ಅಂತ ಇರಲೇಬೇಕು. ಮಾಮೂಲಿ ಎಲ್‌ಇಡಿಯನ್ನು ಡಿಮ್ಮರ್‌ಗೆ ಹಾಕಿದರೆ ಮಿಣುಕುತ್ತದೆ, ಬೇಗ ಕೆಟ್ಟೂ ಹೋಗಬಹುದು. ಬಣ್ಣವನ್ನೂ ನೋಡಿ. ಎಲ್ಲಿ ಹೋದರೂ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಬಿಳಿಯೇ. 2700ರ ಹಳದಿ ಕೇಳಿದರೆ "ದೇವರ ಮನೆಗಾ?" ಅಂತಾರೆ. ಕೊನೆಗೆ 9 ವ್ಯಾಟಿನದು ಸಿಕ್ಕಿತು. ಬೆಲೆ ಮಾಮೂಲಿ ಬಲ್ಬಿನ ಮೂರು ಪಟ್ಟು.

ಹಾಕಿದೆವು. ಪೂರ್ತಿ ತಿರುಗಿಸಿದಾಗ ಚೆಂದ. ಅರ್ಧಕ್ಕೆ ಇಳಿಸಿದರೆ ಜುಂಯ್ ಅಂತ ಸದ್ದು, ಇನ್ನೂ ಇಳಿಸಿದರೆ ಪಟಪಟ ಮಿಣುಕು. ಹಳೇ ಡಿಮ್ಮರ್ ಕರೆಂಟಿನ ಪ್ರತಿ ಅಲೆಯ ಮುಂಭಾಗವನ್ನು ಕತ್ತರಿಸಿ ಬೆಳಕು ತಗ್ಗಿಸುತ್ತದೆ. ಅದರೊಳಗಿನ ಟ್ರಯಾಕ್ (ಹೀಗೆ ಕತ್ತರಿಸುವ ಎಲೆಕ್ಟ್ರಾನಿಕ್ ಸ್ವಿಚ್) ಸರಿಯಾಗಿ ಕೆಲಸ ಮಾಡಲು ಒಂದಷ್ಟು ವ್ಯಾಟಿನ ಲೋಡ್ ಬೇಕು. 60 ವ್ಯಾಟಿನ ಬುರುಡೆಗೆ ಅದು ಸಲೀಸು, 9 ವ್ಯಾಟಿಗೆ ಆಗದು.

ಎಲೆಕ್ಟ್ರಿಷಿಯನ್ ಬಂದು ನೋಡಿ, "ಜೊತೆಗೊಂದು ಜೀರೋ ಬಲ್ಬ್ ಹಾಕಿದ್ರೆ ಸರಿ ಹೋಗುತ್ತೆ" ಅಂದರು. ಹೋಗುತ್ತೆ, ನಿಜ. ಆದರೆ ಹಳೇ ಜೀರೋ ಬಲ್ಬು ಹೆಸರಿಗೆ ಜೀರೋ, ಎಳೆಯುವುದು ಸುಮಾರು 15 ವ್ಯಾಟ್. 9 ವ್ಯಾಟಿನ ದೀಪ ಸರಿಯಾಗಲು 15 ವ್ಯಾಟ್ ಕೊಡುವುದಾ? ಬೇಡ ಅಂದೆ. ಅಲೆಯ ಹಿಂಭಾಗ ಕತ್ತರಿಸುವ, ಎಲ್‌ಇಡಿಗೇ ಅಂತ ಮಾಡಿದ ಡಿಮ್ಮರ್ ತರಿಸಿದೆವು. ದುಬಾರಿ, ಬಲ್ಬಿಗಿಂತ ಅದಕ್ಕೇ ಜಾಸ್ತಿ ದುಡ್ಡು ಹೋಯಿತು. ಈಗ ಸದ್ದಿಲ್ಲ, ಮಿಣುಕಿಲ್ಲ. ಮಾವ ಕೂತಲ್ಲಿಂದಲೇ "ಸ್ವಲ್ಪ ಇಳಿಸಮ್ಮ" ಅಂತಾರೆ, ಅಷ್ಟೇ.

ಎರಡು ಕೊರತೆ ಉಳಿದಿವೆ. ತೀರಾ ಮಂದ ಆಗುವುದಿಲ್ಲ, ಒಂದು ಮಟ್ಟದ ಕೆಳಗೆ ಫಕ್ಕನೆ ಆರಿಹೋಗುತ್ತದೆ. ಬುರುಡೆ ಬಲ್ಬು ಇಳಿದಂತೆ ಕೆಂಡದ ಬಣ್ಣಕ್ಕೆ ತಿರುಗುತ್ತಿತ್ತಲ್ವಾ, ಇದು ಹಾಗಲ್ಲ. ಅದೇ ಹಳದಿ, ಬರೀ ಕಡಿಮೆ.

ಇನ್ನು ಬಿಲ್ಲು. ದಿನಕ್ಕೆ 5 ಗಂಟೆ ಉರಿದರೆ 60 ವ್ಯಾಟಿನ ಬುರುಡೆ ತಿಂಗಳಿಗೆ 9 ಯೂನಿಟ್ ತಿನ್ನುತ್ತದೆ, 9 ವ್ಯಾಟಿನ ಎಲ್‌ಇಡಿ 1.35. ನಿಮ್ಮಲ್ಲಿ ಇನ್ನೂ ಬುರುಡೆ ಇದ್ದರೆ ಇವತ್ತೇ ತೆಗೆಯಿರಿ. ಆದರೆ ಈಗಾಗಲೇ ಎಲ್‌ಇಡಿ ಇದ್ದರೆ, ಡಿಮ್ ಮಾಡಿ ಉಳಿಸುವುದು ಬಲ್ಬಿಗೆ ತಿಂಗಳಿಗೆ ಒಂದು ಯೂನಿಟ್ಟೂ ಇಲ್ಲ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬರುವ ಮನೆಗಂತೂ ಅದೂ ಕಾಣಿಸದು. ದುಡ್ಡು ಕೊಡುವುದು ಕಣ್ಣಿನ ಆರಾಮಕ್ಕೆ. ಮುಚ್ಚಿದ ಗಾಜಿನ ಡೂಮ್‌ನಲ್ಲಿ ಮಾತ್ರ ಹಾಕಬೇಡಿ, ಬಿಸಿಗೆ ಬಲ್ಬಿನೊಳಗೆ ಕರೆಂಟ್ ಹದಮಾಡುವ ಸರ್ಕ್ಯೂಟ್, ಅಂದರೆ ಡ್ರೈವರ್, ಬೇಗ ಕೆಟ್ಟುಹೋಗುತ್ತದೆ.

ಮಲಗುವ ಕೋಣೆಗೆ ಡಿಮ್ಮರ್ ಇರಲಿಲ್ಲ. ಅಲ್ಲಿಗೆ, ಸ್ವಿಚ್ ಆರಿಸಿ ಹಾಕಿದರೆ ಮೂರು ಹಂತದಲ್ಲಿ ಬೆಳಕು ಬದಲಾಗುವ ಬಲ್ಬು ತಂದೆ. ವೈರಿಂಗ್ ಮುಟ್ಟಬೇಕಾಗಿಲ್ಲ, ಬಾಡಿಗೆ ಮನೆಯವರಿಗೆ ಇದೇ ಸರಿ. ಒಂದೇ ಕಿರಿಕಿರಿ: ಮಳೆಗಾಲದಲ್ಲಿ ಕರೆಂಟ್ ಕ್ಷಣ ಹೋಗಿ ಬಂದರೆ ಅದನ್ನೂ ಸ್ವಿಚ್ ಒತ್ತಿದ್ದು ಅಂದುಕೊಂಡು, ತಾನೇ ಮುಂದಿನ ಹಂತಕ್ಕೆ ಹೋಗಿಬಿಡುತ್ತದೆ.