ಎರಡು ಗೇರ್ ಸೈಕಲ್‌ಗಳನ್ನು ಒಟ್ಟಿಗೆ ಓವರ್‌ಹಾಲ್‌ಗೆ ಬಿಡುವ ಮುನ್ನ

ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಗೇರ್ ಸೈಕಲ್ ಇಟ್ಟುಕೊಂಡಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಬೇರೆ ಬೇರೆ ಗೇರ್ ವ್ಯವಸ್ಥೆಯ ಎರಡು ಸೈಕಲ್‌ಗಳನ್ನು ಒಂದೇ ದಿನ, ಒಂದೇ ಅಂಗಡಿಯಲ್ಲಿ ಬಿಚ್ಚಲು ಬಿಡಬೇಡಿ. ಬಿಡಲೇಬೇಕಾಗಿ ಬಂದರೆ ಯಾವ ಭಾಗ ಯಾವ ಸೈಕಲ್ಲಿನದು ಎಂಬುದನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡು ಬಿಡಿ. ದಾವಣಗೆರೆಯ ಒಂದು ಅಂಗಡಿಯವರು ನನ್ನ ಎರಡು ಸೈಕಲ್‌ಗಳ ಹಿಂದಿನ ಡಿರೇಲರ್‌ಗಳನ್ನು, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗಗಳನ್ನು, ಅದಲು ಬದಲು ಮಾಡಿ ಜೋಡಿಸಿ ಕೊಟ್ಟರು. ಅದರ ಫಲ ಸಿಕ್ಕಿದ್ದು ಚಿತ್ರದುರ್ಗದ ಜೋಗಿಮಟ್ಟಿ ಏರಿನಲ್ಲಿ. ಡಿರೇಲರ್ ಗಾಲಿಯ ಕಡ್ಡಿಗಳೊಳಗೆ ನುಗ್ಗಿ, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮುರಿದು, ನಾನು ಮೊಣಕಾಲು ಕೆರೆದುಕೊಂಡು ರಸ್ತೆಯ ಮೇಲೆ ಕುಳಿತಿದ್ದೆ.

ನನ್ನ ಬಳಿ ಇರುವುದು ಮೂರು ಸೈಕಲ್. ಒಂದು ಹಳೆಯ ಉಕ್ಕಿನ ರೇಸಿಂಗ್ ಸೈಕಲ್. ಅದರ ಗೇರ್ ಲಿವರ್‌ಗಳು ಫ್ರೇಮಿನ ಕೆಳಗಿನ ಪೈಪಿನ ಮೇಲಿವೆ. ಅದರಲ್ಲಿ ಕ್ಲಿಕ್ ಎನ್ನುವುದೇ ಇಲ್ಲ. ಲಿವರನ್ನು ಮೆಲ್ಲಗೆ ಸರಿಸುತ್ತಾ ಚೈನಿನ ಕಿರಿಕಿರಿ ನಿಲ್ಲುವ ಜಾಗವನ್ನು ಕಿವಿಯಿಂದಲೇ ಹುಡುಕಬೇಕು. ಇನ್ನೊಂದು ಭೀಮಸಮುದ್ರದ ಕಡೆಗೆ ಓಡಿಸುವ ಹೈಬ್ರಿಡ್, ರೋಡ್ ಸೈಕಲ್ಲಿಗೂ ಮೌಂಟನ್ ಸೈಕಲ್ಲಿಗೂ ನಡುವಿನದು. ಹಿಂದೆ 9 ಹಲ್ಲುಚಕ್ರ, ಶಿಮಾನೊ ಆಲಿವಿಯೊ ಡಿರೇಲರ್. ಮತ್ತೊಂದು ಸೆಕೆಂಡ್ ಹ್ಯಾಂಡ್ ಕೊಂಡ ಮೌಂಟನ್ ಸೈಕಲ್. ಹಿಂದೆ 10 ಹಲ್ಲುಚಕ್ರ, ಶಿಮಾನೊ ಡಿಯೋರ್ ಡಿರೇಲರ್. ಈ ಎರಡಕ್ಕೂ ಹೆಬ್ಬೆರಳಿನಿಂದ ಒತ್ತುವ ಲಿವರ್‌ಗಳು. ಎರಡರ ಡಿರೇಲರ್‌ಗಳೂ ಕಪ್ಪು, ಎರಡಕ್ಕೂ ಉದ್ದನೆಯ ತೋಳು, ಎರಡರ ಮೇಲೂ ಒಂದೇ ಕಂಪನಿಯ ಹೆಸರು. ಧೂಳು, ಎಣ್ಣೆ ಮೆತ್ತಿಕೊಂಡ ಮೇಲೆ ದೂರದಿಂದ ನೋಡಿದರೆ ಅವಳಿ ಮಕ್ಕಳೇ.

ಅಂಗಡಿಯವರು ಒಳ್ಳೆಯ ಮಾತಿನವರು. "ಎರಡನ್ನೂ ಬಿಟ್ಟು ಹೋಗಿ ಸರ್, ಬೆಣ್ಣೆ ದೋಸೆ ತಿಂದು, ಊರಿನ ಕೆಲಸ ಮುಗಿಸಿಕೊಂಡು ಬನ್ನಿ, ಸಂಜೆಗೆ ರೆಡಿ ಇರುತ್ತದೆ" ಎಂದರು. ಸಂಜೆ ಹೋದಾಗ ನಿಜಕ್ಕೂ ರೆಡಿ ಇತ್ತು, ಎರಡೂ ಫಳಫಳ ಹೊಳೆಯುತ್ತಿದ್ದವು. ಸ್ಟ್ಯಾಂಡಿಗೆ ಹಾಕಿ ಗೇರ್ ಬದಲಿಸಿದಾಗ ಮಾತ್ರ ಚೈನು ತಡವರಿಸುತ್ತಿತ್ತು. ಕೇಳಿದ್ದಕ್ಕೆ ಬಂದ ಉತ್ತರ: "ಹೊಸ ಕೇಬಲ್ ಸರ್. ಎರಡು ದಿನ ಓಡಿಸಿ, ತಾನಾಗಿಯೇ ಸೆಟ್ ಆಗುತ್ತದೆ."

ಈ ಮಾತನ್ನು ಚೆನ್ನಾಗಿ ಗುರುತಿಟ್ಟುಕೊಳ್ಳಿ, ಏಕೆಂದರೆ ಇದು ಪೂರ್ತಿ ಸುಳ್ಳಲ್ಲ. ಹೊಸ ಕೇಬಲ್ ಹಾಕಿದ ಮೇಲೆ ಅದರ ಹೊರಕವಚ ತನ್ನ ಜಾಗದಲ್ಲಿ ಕೂರುವವರೆಗೆ ಎಳೆತ ಸ್ವಲ್ಪ ಸಡಿಲವಾಗುವುದು ನಿಜ. ಆದರೆ ಆಗ ಎಲ್ಲ ಹಲ್ಲುಚಕ್ರಗಳಲ್ಲೂ ಒಂದೇ ಅಳತೆಯ ತಪ್ಪು ಕಾಣುತ್ತದೆ. ಕೇಬಲ್ ಡಿರೇಲರನ್ನು ಸೇರುವಲ್ಲಿ ಅಥವಾ ಲಿವರಿನ ಬಳಿ ಇರುವ ತಿರುಪನ್ನು ಅರ್ಧ ಸುತ್ತು ತಿರುಗಿಸಿದರೆ ಎಲ್ಲವೂ ಒಟ್ಟಿಗೆ ಸರಿಹೋಗುತ್ತದೆ. ಶಿಫ್ಟರ್‌ಗೂ (ಅಂದರೆ ಗೇರ್ ಲಿವರಿಗೂ) ಡಿರೇಲರ್‌ಗೂ ಜೋಡಿಯೇ ತಪ್ಪಿದ್ದರೆ ಹಾಗಾಗುವುದಿಲ್ಲ. ಒಂದು ತುದಿಯಲ್ಲಿ ಸರಿ ಮಾಡಿದರೆ ಇನ್ನೊಂದು ತುದಿ ಕೆಡುತ್ತದೆ. ಒಂದೊಂದು ಕ್ಲಿಕ್ಕಿಗೂ ತಪ್ಪು ಬೆಳೆಯುತ್ತಾ ಹೋಗುತ್ತದೆ. ಅಂಥ ಸೈಕಲ್ ಎರಡು ದಿನವಲ್ಲ, ಎರಡು ವರ್ಷ ಓಡಿಸಿದರೂ ಸೆಟ್ ಆಗುವುದಿಲ್ಲ.

ಏಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲಿವರನ್ನು ಒಂದು ಕ್ಲಿಕ್ ಒತ್ತಿದಾಗ ಅದು ಕೇಬಲ್ಲನ್ನು ಇಂತಿಷ್ಟು ಮಿಲಿಮೀಟರ್ ಎಳೆಯುತ್ತದೆ. ಆ ಎಳೆತವನ್ನು ಡಿರೇಲರ್ ತನ್ನ ಲೆಕ್ಕದಲ್ಲಿ ಹೆಚ್ಚಿಸಿಕೊಂಡು ಅಡ್ಡಕ್ಕೆ ಸರಿಯುತ್ತದೆ. ಶಿಮಾನೊದ 9 ಸ್ಪೀಡ್ (ಅಂದರೆ ಹಿಂದೆ 9 ಹಲ್ಲುಚಕ್ರದ) ಲಿವರ್ ಒಂದು ಕ್ಲಿಕ್ಕಿಗೆ ಸುಮಾರು 2.5 ಮಿ.ಮೀ. ಎಳೆದರೆ, ಅದರ ಜೋಡಿ ಡಿರೇಲರ್ ಅದನ್ನು ಸುಮಾರು 1.7 ಪಟ್ಟು ಮಾಡುತ್ತದೆ. 2010ರ ಸುಮಾರಿಗೆ ಬಂದ ಮೌಂಟನ್ ಸೈಕಲ್ಲಿನ 10 ಸ್ಪೀಡ್ ವ್ಯವಸ್ಥೆಯಲ್ಲಿ ಕಂಪನಿ ಈ ಲೆಕ್ಕವನ್ನೇ ಬದಲಿಸಿತು: ಲಿವರ್ ಸುಮಾರು 3.4 ಮಿ.ಮೀ. ಎಳೆಯುತ್ತದೆ, ಡಿರೇಲರ್ ಸುಮಾರು 1.2 ಪಟ್ಟು ಮಾತ್ರ ಸರಿಯುತ್ತದೆ. ಎರಡೂ ತಮ್ಮ ತಮ್ಮ ಜೋಡಿಯೊಂದಿಗೆ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಅದಲು ಬದಲಾದರೆ ಮಾತ್ರ ಸೇರಿನಲ್ಲಿ ಅಳೆದು ಪಾವಿನ ಲೆಕ್ಕ ಬರೆದಂತೆ.

ನನ್ನ ಮೌಂಟನ್ ಸೈಕಲ್ಲಿಗೆ ಹೈಬ್ರಿಡ್ಡಿನ ಡಿರೇಲರ್ ಬಂದು ಕೂತಿತ್ತು. 3.4ನ್ನು 1.7ರಿಂದ ಗುಣಿಸಿ ನೋಡಿ: ಒಂದು ಕ್ಲಿಕ್ಕಿಗೆ 5.8 ಮಿ.ಮೀ.ನಷ್ಟು ಚಲನೆ. 10 ಸ್ಪೀಡ್ ಹಲ್ಲುಚಕ್ರಗಳ ನಡುವಿನ ಅಂತರ ಸುಮಾರು 3.95 ಮಿ.ಮೀ. ಮಾತ್ರ. ಅಂದರೆ ಒಂದು ಕ್ಲಿಕ್ಕಿಗೆ ಒಂದೂವರೆ ಚಕ್ರದ ನೆಗೆತ. ಆರು ಕ್ಲಿಕ್ಕಿಗೇ ಡಿರೇಲರ್ ಅತಿ ದೊಡ್ಡ ಚಕ್ರದ ಬಳಿ ಬಂದುಬಿಡುತ್ತದೆ, ಲಿವರಿನಲ್ಲಿ ಇನ್ನೂ ಮೂರು ಕ್ಲಿಕ್ ಉಳಿದಿರುತ್ತವೆ.

ಇಲ್ಲಿ ಅಂಗಡಿಯವರ ನಿಜವಾದ ಕೈಚಳಕ ಇದೆ. ಡಿರೇಲರಿನಲ್ಲಿ ಎಚ್, ಎಲ್ ಎಂಬ ಗುರುತಿನ ಎರಡು ಪುಟ್ಟ ಸ್ಕ್ರೂಗಳಿರುತ್ತವೆ. ಚೈನು ಅತಿ ಚಿಕ್ಕ ಚಕ್ರದಾಚೆಗೂ, ಅತಿ ದೊಡ್ಡ ಚಕ್ರದಾಚೆಗೂ ಹೋಗದಂತೆ ತಡೆಯುವುದಷ್ಟೇ ಅವುಗಳ ಕೆಲಸ. ಎಲ್ ಸ್ಕ್ರೂ ಸರಿಯಾಗಿ ಇದ್ದಿದ್ದರೆ ಲಿವರ್ ಆರನೆಯ ಕ್ಲಿಕ್ಕಿಗೇ ಬಿಗಿದು ನಿಲ್ಲುತ್ತಿತ್ತು, ಏನೋ ಎಡವಟ್ಟಾಗಿದೆ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಲಿವರ್ ಏಕೆ ಬಿಗಿಯುತ್ತಿದೆ ಎಂದು ಯೋಚಿಸುವ ಬದಲು ಅವರು ಎಲ್ ಸ್ಕ್ರೂವನ್ನೇ ಸಡಿಲಿಸಿಬಿಟ್ಟಿದ್ದರು. ಲಿವರ್ ಸರಾಗವಾಗಿ ಆಡಿತು. ಕಡ್ಡಿಗಳ ಕಡೆಗೆ ದಾರಿಯೂ ತೆರೆಯಿತು.

ಆಡುಮಲ್ಲೇಶ್ವರದ ಕಡೆಯಿಂದ ಜೋಗಿಮಟ್ಟಿಗೆ ಏರುವ ರಸ್ತೆ ತುಳಿದವರಿಗೆ ಗೊತ್ತು, ಅಲ್ಲಿ ಎಲ್ಲರ ಹೆಬ್ಬೆರಳೂ ಕೊನೆಯ ಗೇರನ್ನೇ ಹುಡುಕುತ್ತದೆ. ನಾನೂ ಒತ್ತಿದೆ. ಚೈನು ದೊಡ್ಡ ಚಕ್ರವನ್ನು ದಾಟಿ ಒಳಗೆ ಬಿತ್ತು, ಡಿರೇಲರಿನ ತೋಳು ಕಡ್ಡಿಗೆ ಸಿಕ್ಕಿತು, ಗಾಲಿ ಕಚ್ಚಿ ನಿಂತಿತು. ಏರಾಗಿದ್ದರಿಂದ ವೇಗವಿರಲಿಲ್ಲ, ಚರ್ಮ ಕೆರೆದು ಹೋದದ್ದಷ್ಟೇ. ಕೆಲವು ಕಡ್ಡಿಗಳು ತುಂಡಾಗಿದ್ದವು. ಸೈಕಲ್ಲು ಗೂಡ್ಸ್ ಆಟೋದಲ್ಲಿ ಊರಿಗೆ ಇಳಿಯಿತು. ಆಟೋದವರು ಹಗ್ಗ ಬಿಗಿಯುತ್ತಾ, "ಇಷ್ಟೊಂದು ಗೇರ್ ಏಕೆ ಬೇಕು ಅಣ್ಣ, ನಮ್ಮಪ್ಪ ಗೇರೇ ಇಲ್ಲದೆ ಹೊಳಲ್ಕೆರೆಗೆ ಹೋಗಿ ಬರುತ್ತಿದ್ದರು" ಎಂದರು. ಆ ಹೊತ್ತಿನಲ್ಲಿ ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಮನೆಗೆ ಬಂದು ಮುರಿದ ಡಿರೇಲರನ್ನು ಒರೆಸಿ, ಒಳಬದಿಯಲ್ಲಿ ಕೆತ್ತಿದ ಸಂಖ್ಯೆ ಓದಿದೆ: ಆರ್‌ಡಿ-ಎಂ4000. ಅದು ಆಲಿವಿಯೊ. ಹೈಬ್ರಿಡ್ಡಿನಲ್ಲಿ ನೋಡಿದರೆ ಆರ್‌ಡಿ-ಎಂ610, ಅಂದರೆ ಡಿಯೋರ್, ಸದ್ದಿಲ್ಲದೆ ಕುಳಿತಿತ್ತು. ಅಲ್ಲಿ ತಪ್ಪು ತಿರುಗುಮುರುಗು: 2.5ಕ್ಕೆ 1.2 ಸೇರಿ 3 ಮಿ.ಮೀ. ಚಲನೆ, ಬೇಕಾದದ್ದು ಸುಮಾರು 4.35. ಆದ್ದರಿಂದ ಆ ಸೈಕಲ್ ಸುಮ್ಮನೆ ಗೇರ್ ಬದಲಿಸದೆ ಗೊಣಗುತ್ತಿತ್ತು, ಯಾರನ್ನೂ ಬೀಳಿಸಲಿಲ್ಲ.

ಅಂಗಡಿಗೆ ಹೋಗಿ ಎರಡೂ ಸಂಖ್ಯೆಗಳನ್ನು ತೋರಿಸಿದೆ. ಮೊದಲು "ಎರಡೂ ಶಿಮಾನೊ ತಾನೇ ಸರ್" ಎಂದರು. ಆಮೇಲೆ "ಏರಿನಲ್ಲಿ ಭಾರ ಹಾಕಿ ಗೇರ್ ಬದಲಿಸಿದರೆ ಯಾವುದೇ ಸೈಕಲ್ ಮುರಿಯುತ್ತದೆ" ಎಂದರು. ಕೊನೆಗೆ "ನಮ್ಮ ಹುಡುಗರು ಹಾಗೆ ಮಾಡುವವರಲ್ಲ." ಬಿಲ್ಲಿನಲ್ಲಿ ಇದ್ದದ್ದು "ಓವರ್‌ಹಾಲ್, ಕೇಬಲ್" ಎಂಬ ಎರಡೇ ಪದ. ಯಾವ ಡಿರೇಲರ್ ಬಿಚ್ಚಿದರು, ಯಾವುದನ್ನು ಹಾಕಿದರು ಎಂಬುದಕ್ಕೆ ಕಾಗದದ ಮೇಲೆ ಒಂದಕ್ಷರ ಸಾಕ್ಷಿ ಇಲ್ಲ. ಜಿಲ್ಲಾ ಗ್ರಾಹಕರ ಆಯೋಗವಿದೆ, 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಆದರೆ ಇಂಥ ಬಿಲ್ಲು ಹಿಡಿದು ಏನನ್ನು ಸಾಬೀತು ಮಾಡುವುದು? ಸೈಕಲ್ ಬಿಡುವಾಗಲೇ ಡಿರೇಲರ್, ಶಿಫ್ಟರ್‌ಗಳ ಸಂಖ್ಯೆಯನ್ನು ಜಾಬ್ ಕಾರ್ಡಿನಲ್ಲಿ ಬರೆಸಿ. ಯಾವ ಭಾಗ ಬದಲಿಸಿದರೂ ಹಳೆಯದನ್ನು ಕೇಳಿ ಪಡೆಯಿರಿ. ಮುಖ ಸಿಂಡರಿಸಿದರೆ ಸಿಂಡರಿಸಲಿ.

ಅಂಗಡಿಯಿಂದ ಹೊರಡುವ ಮುನ್ನ ಒಂದು ಪರೀಕ್ಷೆಯನ್ನು ನೀವೇ ಮಾಡಿ. ಸೈಕಲ್ ಸ್ಟ್ಯಾಂಡಿನಲ್ಲಿರುವಾಗ ಪೆಡಲ್ ತಿರುಗಿಸುತ್ತಾ ಚಿಕ್ಕ ಚಕ್ರದಿಂದ ದೊಡ್ಡ ಚಕ್ರದವರೆಗೆ ಒಂದೊಂದೇ ಕ್ಲಿಕ್ ಒತ್ತಿ, ಒಂದು ಕ್ಲಿಕ್ಕಿಗೆ ಒಂದೇ ಚಕ್ರ ದಾಟಬೇಕು. ದೊಡ್ಡ ಚಕ್ರಕ್ಕೆ ಬಂದ ಮೇಲೆ ನಿಧಾನವಾಗಿ ತಿರುಗಿಸುತ್ತಾ, ಡಿರೇಲರನ್ನು ಕೈಯಿಂದ ಗಾಲಿಯ ಕಡೆಗೆ ಮೆಲ್ಲಗೆ ಒತ್ತಿ. ಚೈನು ಒಳಕ್ಕೆ ಜಾರಲು ನೋಡಿದರೆ ಎಲ್ ಸ್ಕ್ರೂ ಸಡಿಲವಿದೆ; ಆ ಸೈಕಲ್ ಮೇಲೆ ಹತ್ತಬೇಡಿ. ಅಂದ ಕೆಡುತ್ತದೆ ಎಂದು ಹಲ್ಲುಚಕ್ರಗಳಿಗೂ ಕಡ್ಡಿಗಳಿಗೂ ನಡುವೆ ಇರುವ ಪ್ಲಾಸ್ಟಿಕ್ ತಟ್ಟೆಯನ್ನು ತೆಗೆಸುವವರಿದ್ದಾರೆ. ನನ್ನ ಸೈಕಲ್ಲಿನದನ್ನು ಹಿಂದಿನ ಮಾಲೀಕರು ತೆಗೆಸಿದ್ದರು. ಅದು ಇದ್ದಿದ್ದರೆ ಬಹುಶಃ ಕಡ್ಡಿಗಳಾದರೂ ಉಳಿಯುತ್ತಿದ್ದವು.

ಸ್ಪೀಡಿನ ಸಂಖ್ಯೆ ಒಂದೇ ಆದರೆ ಸಾಕು ಎಂದೂ ನಂಬಬೇಡಿ. ರೋಡ್ ಸೈಕಲ್ಲಿನ 10 ಸ್ಪೀಡ್ ಲಿವರ್ ಮೌಂಟನ್ ಸೈಕಲ್ಲಿನ 10 ಸ್ಪೀಡ್ ಡಿರೇಲರಿಗೆ ಹೊಂದುವುದಿಲ್ಲ. ಶಿಮಾನೊದ ರೋಡ್ ಸರಣಿಯ ಟಿಯಾಗ್ರಾ 4700 ಕೂಡ 10 ಸ್ಪೀಡೇ, ಆದರೆ ಅದರ ಹಿಂದಿನ ಟಿಯಾಗ್ರಾದ ಜೊತೆ ಸೇರುವುದಿಲ್ಲ. 2023ರಲ್ಲಿ ಬಂದ ಶಿಮಾನೊ ಕ್ಯೂಸ್ ಸರಣಿಯ ಲೆಕ್ಕವೇ ಬೇರೆ. ಸ್ರಾಮ್ ಕಂಪನಿಯ ಹೆಚ್ಚಿನ ವ್ಯವಸ್ಥೆಗಳದಂತೂ ಬೇರೆಯೇ ದಾರಿ.

ಅಂಗಡಿಗೆ ಸಂಬಂಧವಿಲ್ಲದ ಒಂದು ಮಾತು, ಸೈಕಲ್ ಎರವಲು ಪಡೆದು ಓಡಿಸುವವರಿಗೆ. ಸ್ರಾಮ್ ಕಂಪನಿಯ ಡಬಲ್ ಟ್ಯಾಪ್ ಲಿವರ್ ಇರುವ ರೋಡ್ ಸೈಕಲ್ಲಿನಲ್ಲಿ ಒಂದೇ ಲಿವರ್ ಎರಡೂ ಕೆಲಸ ಮಾಡುತ್ತದೆ. ಬಲಗೈಯ ಲಿವರನ್ನು ಉದ್ದಕ್ಕೆ ತಳ್ಳಿದರೆ ಗೇರ್ ಹಗುರ, ಚಿಕ್ಕದಾಗಿ ತಟ್ಟಿದರೆ ಭಾರ. ಅತಿ ಹಗುರ ಗೇರಿನಲ್ಲಿರುವಾಗಲೇ ಇನ್ನೂ ಹಗುರ ಸಿಗಲಿ ಎಂದು ತಳ್ಳಿದರೆ ಅದು ಭಾರದ ಗೇರಿಗೆ ಜಾರುತ್ತದೆ. ಜೋಗಿಮಟ್ಟಿಯಂಥ ಏರಿನ ನಡುವೆ ಹಾಗಾದರೆ ಕಾಲು ನೆಲಕ್ಕೆ ಇಡುವಷ್ಟೂ ಸಮಯ ಸಿಗದು. ಬ್ರೇಕನ್ನೂ ನೋಡಿಕೊಳ್ಳಿ. ನಮ್ಮಲ್ಲಿ ಸಾಮಾನ್ಯವಾಗಿ ಮುಂದಿನ ಬ್ರೇಕ್ ಬಲಗೈಗೆ ಇರುತ್ತದೆ. ಹೊರದೇಶದಿಂದ ಬಂದ ಕೆಲವು ಸೈಕಲ್‌ಗಳಲ್ಲಿ ಎಡಗೈಗೆ.

ಉಳಿದುಕೊಂಡ ಡಿಯೋರ್ ಡಿರೇಲರನ್ನು ಹೊಸ ಹ್ಯಾಂಗರ್, ಹೊಸ ಕಡ್ಡಿಗಳ ಜೊತೆ ಮೌಂಟನ್ ಸೈಕಲ್ಲಿಗೆ ವಾಪಸು ಹಾಕಿಸಿದ್ದೇನೆ. ಹ್ಯಾಂಗರ್ ಒಂದೊಂದು ಫ್ರೇಮಿಗೂ ಬೇರೆಯದೇ ಆಗಿರುವುದರಿಂದ, ಹಳೆಯದರ ತುಂಡನ್ನು ಎಸೆಯದೆ ಅದನ್ನೇ ತೋರಿಸಿ ತರಿಸಿಕೊಳ್ಳಬೇಕಾಯಿತು. ಹೈಬ್ರಿಡ್ ಮಾತ್ರ ಡಿರೇಲರ್ ಇಲ್ಲದೆ ಗೋಡೆಗೆ ಒರಗಿದೆ. ಚಿತ್ರದುರ್ಗ, ದಾವಣಗೆರೆ ಕಡೆಯ ಯಾರ ಬಳಿಯಾದರೂ 9 ಸ್ಪೀಡಿನ, ಉದ್ದ ತೋಳಿನ ಶಿಮಾನೊ ಡಿರೇಲರ್ ಸುಸ್ಥಿತಿಯಲ್ಲಿದ್ದರೆ ತಿಳಿಸಿ, ಬೆಲೆ ಮಾತಾಡೋಣ. ಒಳಬದಿಯ ಸಂಖ್ಯೆ ಓದಲು ಬರುವಂಥ ಚಿತ್ರ ಕಳುಹಿಸಿ. "10 ಸ್ಪೀಡಿನದು ಇದೆ, ಅದೂ ನಡೆಯುತ್ತದೆ" ಎನ್ನುವವರು ದಯವಿಟ್ಟು ಕ್ಷಮಿಸಿ.