ಕಲಬುರಗಿಯ ಬಿಸಿಲಿಗೆ ಜಗ್ಗದ ಇ-ರೀಡರ್, ಕನ್ನಡದ ಒತ್ತಕ್ಷರಕ್ಕೆ ಜಗ್ಗಿತು

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತವೆ. ಮನೆಗೆ ಬಂದು ಊಟ ಮುಗಿಸಿ, ಶಹಾಬಾದ್ ಕಲ್ಲಿನ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ದಿಂಬು ಎಳೆದುಕೊಂಡು ಉರುಳಿದರೆ ಐದರವರೆಗೆ ಹೊರಗೆ ಕಾಲಿಡುವ ಮಾತಿಲ್ಲ. ನಾನು ಆರು ಇಂಚಿನ ಈ ಇ-ರೀಡರ್ (ಡಿಜಿಟಲ್ ಪುಸ್ತಕ ಓದುವ ಸಾಧನ) ಕೊಂಡಿದ್ದು ಆ ಮೂರು ತಾಸಿಗಾಗಿ. ಕಾಗದದ ಪುಸ್ತಕ ಹಿಡಿದರೆ ಕೂಲರಿನ ಗಾಳಿ ನನಗಿಂತ ಮುಂಚೆ ಪುಟ ತಿರುವುತ್ತಿತ್ತು; ಮೊಬೈಲ್ ಹಿಡಿದರೆ ಹತ್ತು ನಿಮಿಷಕ್ಕೆ ಓದು ಬಿಟ್ಟು ಇನ್ನೇನೋ ನೋಡುತ್ತಿದ್ದೆ. ಕೆಲವು ಬೇಸಿಗೆಗಳು ಕಳೆದ ಮೇಲೆ ಬರೆಯುತ್ತಿರುವ ಅಭಿಪ್ರಾಯ ಇದು.

ಪರದೆಯ ಮಟ್ಟಿಗೆ ನನ್ನದು ಪೂರ್ತಿ ಮೆಚ್ಚುಗೆ. ಅದರೊಳಗೆ ಕೂದಲೆಳೆಯ ಅಗಲದ ಗುಳಿಗೆಗಳಿವೆ. ಒಂದೊಂದರಲ್ಲೂ ತಿಳಿ ದ್ರವ, ಅದರಲ್ಲಿ ಧನ ವಿದ್ಯುದಾವೇಶದ ಬಿಳಿ ಕಣಗಳು, ಋಣ ಆವೇಶದ ಕಪ್ಪು ಕಣಗಳು. ಪುಟ ತಿರುವಿದಾಗ ಮಾತ್ರ ಕಣಗಳು ಮೇಲೆ ಕೆಳಗೆ ಸರಿಯುತ್ತವೆ, ಆಮೇಲೆ ವಿದ್ಯುತ್ತಿನ ಹಂಗಿಲ್ಲದೆ ಇದ್ದಲ್ಲೇ ನಿಲ್ಲುತ್ತವೆ. ಪರದೆ ತಾನಾಗಿ ಬೆಳಗುವುದಿಲ್ಲ, ಬಿದ್ದ ಬೆಳಕನ್ನು ಕಾಗದದಂತೆಯೇ ಹಿಂದಕ್ಕೆ ಕೊಡುತ್ತದೆ. ಹಾಗಾಗಿ ಬಿಸಿಲು ಹೆಚ್ಚಿದಷ್ಟೂ ಅಕ್ಷರ ನಿಚ್ಚಳ. ಬಸ್ ನಿಲ್ದಾಣದಲ್ಲಿ ಉಳಿದವರೆಲ್ಲ ಮೊಬೈಲಿಗೆ ಅಂಗೈ ಮರೆ ಮಾಡಿಕೊಂಡು ಇಣುಕುತ್ತಿದ್ದರೆ ನಾನು ಆರಾಮಾಗಿ ಓದುತ್ತಿರುತ್ತೇನೆ. ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ ಬಿಡಿಸಿಕೊಂಡಾಗ ಒಳದೀಪವನ್ನು ತೀರಾ ಕಡಿಮೆ ಇಡುತ್ತೇನೆ. ಪಕ್ಕದಲ್ಲಿ ಮಲಗಿದವರಿಗೂ ತೊಂದರೆಯಿಲ್ಲ. ಕರೆಂಟು ಹೋದರೂ ಚಿಂತೆಯಿಲ್ಲ, ಚಾರ್ಜು ವಾರಗಟ್ಟಲೆ ಬರುತ್ತದೆ.

ಆದರೆ ನಾನು ಓದುವುದರಲ್ಲಿ ಮುಕ್ಕಾಲು ಪಾಲು ಕನ್ನಡ. ಇಂಗ್ಲಿಷ್ ಪುಸ್ತಕ ದುಡ್ಡು ಕೊಟ್ಟ ಮರುಗಳಿಗೆಯಲ್ಲಿ ತಾನಾಗಿ ಬಂದು ಇಳಿಯುತ್ತದೆ. ಕನ್ನಡ ಪುಸ್ತಕಕ್ಕೆ ನಾನೇ ಹಮಾಲ. ಹುಡುಕಿ ತಂದು, ಕಂಪ್ಯೂಟರಿನಲ್ಲಿ ತಿದ್ದಿ, ಕೇಬಲ್ ಚುಚ್ಚಿ ತುಂಬಬೇಕು. ಅಷ್ಟು ಮಾಡಿದರೂ ಮೊದಮೊದಲು ಒತ್ತಕ್ಷರಗಳು ಮುರಿದು ಬೀಳುತ್ತಿದ್ದವು. ‘ಕಲ್ಯಾಣ’ ಎಂಬಲ್ಲಿ ಯ ಒತ್ತು ತನ್ನ ಜಾಗಕ್ಕೆ ಇಳಿಯದೆ ‘ಕಲ್‌ಯಾಣ’ ಎಂದು ಕಾಣಿಸುತ್ತಿತ್ತು. ಕಲ್ಯಾಣ ಕರ್ನಾಟಕದಲ್ಲಿ ಕುಳಿತು ಇದನ್ನು ಎಷ್ಟು ಸಲ ಸಹಿಸಬೇಕು? ಕಂಪನಿಯ ಗ್ರಾಹಕ ಸೇವೆಗೆ ಚಿತ್ರಸಮೇತ ಬರೆದರೆ, ತಮ್ಮ ಸಂಸ್ಥೆಯ ಮೇಲೆ ನಾನು ಇಟ್ಟಿರುವ ವಿಶ್ವಾಸಕ್ಕೆ ವಂದನೆ ತಿಳಿಸುವ ಉತ್ತರ ಬಂತು. ಒತ್ತಿನ ಸುದ್ದಿಯೇ ಇರಲಿಲ್ಲ.

ಎಲ್ಲ ತಪ್ಪನ್ನೂ ಯಂತ್ರದ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಪರಿಚಯದ ಲೇಖಕರೊಬ್ಬರು ತಮ್ಮ ಪುಸ್ತಕದ ಪಿಡಿಎಫ್ ಕಳುಹಿಸಿದರು. ಅದನ್ನು ಇ-ಪಬ್ ಆಗಿ, ಅಂದರೆ ಪರದೆಯ ಅಳತೆಗೆ ಸಾಲುಗಳು ಹೊಂದಿಕೊಳ್ಳುವ ಇ-ಪುಸ್ತಕದ ರೂಪಕ್ಕೆ, ಬದಲಿಸಿ ತೆರೆದರೆ ‘ಕನ್ನಡ’ ಎಂದಿರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀರು ಹೊತ್ತ ಎ, ಪಕ್ಕಕ್ಕೆ ಬ್ರಿಟನ್ನಿನ ಪೌಂಡ್ ಚಿಹ್ನೆ! ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಫಾಂಟ್‌ಗಳಲ್ಲಿ ಕನ್ನಡದ ಅಕ್ಷರ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ್ದರು. ಆ ಫಾಂಟ್ ಇರುವ ತನಕ ಕನ್ನಡ ಕಾಣುತ್ತದೆ, ಅದನ್ನು ತೆಗೆದರೆ ಒಳಗಿನ ಸಂಕೇತ ಬಯಲಿಗೆ ಬೀಳುತ್ತದೆ. ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಇಷ್ಟು ವರ್ಷಗಳಾದರೂ ಪುಸ್ತಕದ ಪುಟ ಜೋಡಿಸುವ ಎಷ್ಟೋ ಡಿಟಿಪಿ ಮೇಜುಗಳ ಮೇಲೆ ಹಳೆಯದೇ ನಡೆಯುತ್ತಿದೆ. ಇನ್ನು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಗುವ ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು: ಆರು ಇಂಚಿನಲ್ಲಿ ಇಡೀ ಪುಟ ಇರುವೆಯ ಸಾಲು. ಹಿಗ್ಗಿಸಿ, ಪಕ್ಕಕ್ಕೆ ಸರಿಸಿ ಓದುವಷ್ಟರಲ್ಲಿ ವಾಕ್ಯದ ಆರಂಭ ಮರೆತಿರುತ್ತದೆ.

ಮುಂದೊಂದು ತಂತ್ರಾಂಶ ಪರಿಷ್ಕರಣೆಯಲ್ಲಿ ಒತ್ತುಗಳು ಸದ್ದಿಲ್ಲದೆ ಸರಿಯಾದವು. ಅಷ್ಟರಲ್ಲಿ ನನಗೂ ಕ್ಯಾಲಿಬರ್ ಕೈಗೆ ಹತ್ತಿತ್ತು. ಕೋವಿದ್ ಗೋಯಲ್ 2006ರಲ್ಲಿ ಆರಂಭಿಸಿದ , ಇ-ಪುಸ್ತಕಗಳ ರೂಪ ಬದಲಿಸಿ ಜೋಡಿಸಿಡುವ ಈ ಉಚಿತ ತಂತ್ರಾಂಶವಿಲ್ಲದಿದ್ದರೆ ನನ್ನ ಇ-ರೀಡರ್ ಎಂದೋ ಕಪಾಟು ಸೇರುತ್ತಿತ್ತು. ಅದರಲ್ಲೇ ಇ-ಪಬ್ ಮಾಡಿ, ನೋಟೊ ಸೆರಿಫ್ ಕನ್ನಡ ಫಾಂಟನ್ನು ಒಳಗೆ ಸೇರಿಸಿ ಕಳುಹಿಸುತ್ತೇನೆ. ಭಾನುವಾರ ಬೆಳಗಿನ ಚಹಾದ ಜೊತೆ ವಾರದ ಓದನ್ನು ತಿದ್ದಿ ತುಂಬುವುದು ಈಗ ಬೇಸರದ ಕೆಲಸವಾಗಿ ಉಳಿದಿಲ್ಲ. ಯಾರಾದರೂ ಬಂದು ಎಬ್ಬಿಸಿದರೆ ಸಿಟ್ಟು ಬರುತ್ತದೆ.

ಹಾಗೆ ವಚನ ಸಂಚಯ ಜಾಲತಾಣದಿಂದ ಆಯ್ದ ಅಕ್ಕಮಹಾದೇವಿ, ಅಲ್ಲಮರ ವಚನಗಳನ್ನು ಅವ್ವನಿಗಾಗಿ ಜೋಡಿಸಿ ಕೊಟ್ಟೆ. ಕಣ್ಣಿನ ತೊಂದರೆಯಿಂದ ಅವಳು ಪುಸ್ತಕ ಮುಟ್ಟುವುದನ್ನೇ ಬಿಟ್ಟಿದ್ದಳು. ಈಗ “ಅಕ್ಷರ ಇನ್ನೊಂದಿಷ್ಟು ದೊಡ್ಡದು ಮಾಡಪ್ಪ” ಎಂದು ಕೇಳಿ, ಪುಟಕ್ಕೆ ನಾಲ್ಕೈದು ಸಾಲು ಮಾತ್ರ ಹಿಡಿಸುವಂತೆ ಮಾಡಿಸಿಕೊಂಡು ಓದುತ್ತಾಳೆ. ಪುಟ ತಿರುವುವ ಮುನ್ನ ಬೆರಳನ್ನು ನಾಲಿಗೆಗೆ ತಾಗಿಸುವ ಅಭ್ಯಾಸ ಮಾತ್ರ ಹೋಗಿಲ್ಲ. ಒದ್ದೆ ಬೆರಳಿಗೆ ಪರದೆ ಗಲಿಬಿಲಿಗೊಂಡು ಒಮ್ಮೆಗೇ ಎರಡು ಪುಟ ಜಿಗಿಯುತ್ತದೆ. “ಇದಕ್ಕೆ ಅವಸರ ಜಾಸ್ತಿ” ಎಂದು ಬೈಯುತ್ತಾಳೆ. ಮಧ್ಯಾಹ್ನದ ಮೂರು ತಾಸಿನಲ್ಲಿ ಒಂದು ತಾಸು ಈಗ ಅವಳ ಪಾಲು.

ಬ್ಯಾಟರಿ ವಿಚಾರದಲ್ಲಿ ಎಚ್ಚರವಿರಲಿ. ಜೊತೆಗೆ ಬಂದ ಕೈಪಿಡಿ 35 ಡಿಗ್ರಿಯವರೆಗೆ ಮಾತ್ರ ಬಳಸಿ ಎನ್ನುತ್ತದೆ. ಇಲ್ಲಿ 42 ಡಿಗ್ರಿ ಸುದ್ದಿಯೇ ಅಲ್ಲ. ಲಿಥಿಯಂ ಬ್ಯಾಟರಿ ಸೆಖೆಗೆ ಬೇಗ ಮುಪ್ಪಾಗುತ್ತದೆ. ನಾನು ನಸುಕಿನಲ್ಲಿ ಚಾರ್ಜು ಹಾಕುತ್ತೇನೆ, ನಿಲ್ಲಿಸಿದ ಬೈಕಿನ ಡಿಕ್ಕಿಯಲ್ಲಿ ಬಿಡುವುದಿಲ್ಲ.

ಕೊಳ್ಳುವವರು ಇಂಚಿಗೆ 300 ಚುಕ್ಕೆಗಳ ಪರದೆಯನ್ನೇ ತೆಗೆದುಕೊಳ್ಳಿ. 167 ಚುಕ್ಕೆಯ ಹಳೆಯ ಮಾದರಿಗಳು ಕಡಿಮೆ ಬೆಲೆಗೆ ಕೈಬದಲಾಗುತ್ತಿವೆ. ಇಂಗ್ಲಿಷಿಗೆ ಸಾಕು, ನಮ್ಮ ಸಣ್ಣ ಒತ್ತುಗಳು ಅದರಲ್ಲಿ ಮಸಿಯ ಬೊಟ್ಟಾಗುತ್ತವೆ. ದುಡ್ಡು ಎಣಿಸುವ ಮುಂಚೆ ನಿಮ್ಮಲ್ಲಿರುವ ಪಿಡಿಎಫ್‌ಗಳಿಂದ ಒಂದೊಂದು ಸಾಲು ನಕಲು ಮಾಡಿ ಬೇರೆ ಕಡೆ ಅಂಟಿಸಿ ನೋಡಿ. ಕನ್ನಡವೇ ಬಂದರೆ ಧೈರ್ಯವಾಗಿ ಕೊಳ್ಳಿ. ಯಾದಗಿರಿಯ ಗೆಳೆಯನ ಸಂಗ್ರಹದಲ್ಲಿ ಬಂದದ್ದೆಲ್ಲ ಪೌಂಡ್ ಚಿಹ್ನೆಗಳೇ. ಪಿಡಿಎಫ್ ಪುಟವನ್ನು ಬದಲಿಸದೆ ಇದ್ದ ಹಾಗೇ ಓದಲೆಂದು ಅವನಿಗೆ ಹತ್ತು ಇಂಚಿನ ಟ್ಯಾಬ್ಲೆಟ್ ಕೊಡಿಸಿದೆ.